ಸಾವಯವ ಬೇಸಾಯವೂ ನಮ್ಮ ರೈತನ ತಿಳಿವಳಿಕೆಯೂ

ನಮ್ಮ ರೈತನಿಗೆ ಸಾವಯವ ಬೇಸಾಯದ ವಿಷಯದಲ್ಲಿ ತಿಳಿವಳಿಕೆಯು ಸಾಲದು, ಆದುದರಿಂದಲೇ ಅದು ನಾಡಿನಲ್ಲಿ ಹರಡುತ್ತಿಲ್ಲ ಎಂಬ ಮಾತು ಪಟ್ಟಣದ ಸಭೆಗಳಲ್ಲಿಯೂ ಕಚೇರಿಗಳ ವರದಿಗಳಲ್ಲಿಯೂ ಪದೇ ಪದೇ ಕೇಳಿಬರುತ್ತಿದೆ. ಪ್ರಶ್ನಾವಳಿಯನ್ನು ಹಿಡಿದು ಹಳ್ಳಿಗೆ ಹೋದವರು ‘ಸಾವಯವ ಕೃಷಿಯೆಂದರೇನು? ಪ್ರಮಾಣಪತ್ರವನ್ನು ಯಾರು ಕೊಡುತ್ತಾರೆ? ಪರಿವರ್ತನೆಯ ಅವಧಿ ಎಷ್ಟು?’ ಎಂದು ಕೇಳುತ್ತಾರೆ. ರೈತನು ಉತ್ತರಕ್ಕೆ ತಡವರಿಸಿದರೆ ‘ಅರಿವು ಕಡಮೆ’ ಎಂಬ ಅಂಕಣದಲ್ಲಿ ಅವನನ್ನು ಸೇರಿಸಿಕೊಂಡು ಹಿಂದಿರುಗುತ್ತಾರೆ. ಅದೇ ರೈತನನ್ನು ‘ಯಜಮಾನರೇ, ಈ ಹೊಲಕ್ಕೆ ಗೊಬ್ಬರ ಹೊಡೆದು ಎಷ್ಟು ವರುಷವಾಯಿತು? ಕೆರೆಯ ಗೋಡು ಬಿದ್ದ ಮೇಲೆ ಮಣ್ಣು ಹೇಗಾಯಿತು? ಮನೆಯ ಊಟಕ್ಕೆ ಯಾವ ಹೊಲದ ರಾಗಿಯನ್ನು ಇಟ್ಟುಕೊಳ್ಳುವಿರಿ?’ ಎಂದು ಕೇಳಿದ್ದರೆ ಸಂಜೆಯವರೆಗೂ ಮಾತು ಮುಗಿಯುತ್ತಿರಲಿಲ್ಲ. ಅವನು ಬಲ್ಲುದೇನು, ಅರಿಯದಿರುವುದೇನು, ಬಲ್ಲುದನ್ನೂ ಮಾಡದಿರುವುದಕ್ಕೆ ಕಾರಣವೇನು ಎಂಬ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ಪರಿಶೀಲಿಸದೆ ಸರಕಾರದವರಾಗಲಿ ಪಟ್ಟಣಿಗರಾಗಲಿ ಈ ವಿಷಯದಲ್ಲಿ ತೀರ್ಮಾನಕ್ಕೆ ಬರುವುದು ಉಚಿತವಲ್ಲ.

ಅವನು ಬಲ್ಲುದೇನು

‘ಸಾವಯವ’ವೆಂಬ ಶಬ್ದವು ಹಳ್ಳಿಗೆ ಹೊಸದು, ಆ ಶಬ್ದವು ಹೇಳುವ ಕೆಲಸವು ಬಹು ಹಳೆಯದು. ಹಳೆಯ ಮೈಸೂರಿನ ರಾಗಿಯ ಸೀಮೆಯಲ್ಲಿ ತಿಪ್ಪೆಯನ್ನು ಒಡೆದು ಗಾಡಿಗಳಲ್ಲಿ ಹೊಲಕ್ಕೆ ಸಾಗಿಸುವುದು, ಬೇಸಗೆಯಲ್ಲಿ ಕೆರೆ ಬತ್ತಿದಾಗ ಗೋಡನ್ನು ತೆಗೆದು ಮರಳು ಬೆರೆತ ಕೆಂಪು ಮಣ್ಣಿಗೆ ಹಾಕುವುದು, ಕುರುಬರ ಮಂದೆಯನ್ನು ಕೆಲವು ರಾತ್ರಿ ಹೊಲದಲ್ಲಿ ತಂಗಿಸಿ ಅದಕ್ಕೆ ಪ್ರತಿಯಾಗಿ ದವಸ ಕೊಡುವುದು, ಹೊಂಗೆಯ ಸೊಪ್ಪನ್ನು ಗದ್ದೆಯ ಕೆಸರಿನಲ್ಲಿ ತುಳಿಯುವುದು, ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಅಕ್ಕಡಿ ಸಾಲಾಗಿ ಬಿತ್ತುವುದು, ಇವೆಲ್ಲ ವ್ಯವಸಾಯದ ಇಲಾಖೆಯು ಹುಟ್ಟುವುದಕ್ಕೆ ಮುಂಚಿನಿಂದಲೂ ನಡೆದುಬಂದ ಪದ್ಧತಿಗಳು. ಅವರೆ ತೊಗರಿಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದುಕೊಡುತ್ತವೆಂಬುದನ್ನು ಶಾಸ್ತ್ರವು ಸ್ಥಾಪಿಸಿದ್ದು 19ನೆಯ ಶತಮಾನದ ಕೊನೆಯ ಭಾಗದಲ್ಲಿ. ನಮ್ಮ ಒಕ್ಕಲಿಗನು ಕಾರಣವನ್ನು ಅರಿಯದಿದ್ದರೂ ಫಲವನ್ನು ಅದಕ್ಕಿಂತ ಬಹಳ ಮೊದಲೇ ಕಂಡುಕೊಂಡಿದ್ದನು.

ಮಲೆನಾಡಿನಲ್ಲಿ ಈ ತಿಳಿವಳಿಕೆಯು ಕಂದಾಯದ ದಾಖಲೆಗಳಲ್ಲಿಯೇ ಸೇರಿಹೋಗಿದೆ. ಉತ್ತರ ಕನ್ನಡದ ಘಟ್ಟದ ಮೇಲಿನ ಸೀಮೆಯಲ್ಲಿ ಒಂದು ಎಕರೆ ಅಡಕೆಯ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನಬೆಟ್ಟವನ್ನು ಬಿಟ್ಟುಕೊಡುವ ಕ್ರಮವಿತ್ತು. ದಕ್ಷಿಣ ಕನ್ನಡದಲ್ಲಿ ವರ್ಗದ ಜಮೀನಿಗೆ ತಾಗಿದ 100 ಗಜದೊಳಗಿನ ಸರಕಾರಿ ಭೂಮಿಯಿಂದ ಸೊಪ್ಪು, ಸೌದೆಗಳನ್ನು ತರುವ ಹಕ್ಕಿಗೆ ಕುಮ್ಕಿಯೆಂದು ಹೆಸರು. ಕೊಡಗಿನ ಬಾಣೆಯೂ ಇದೇ ಉದ್ದೇಶದ್ದು. ತೋಟವನ್ನು ಉಳಿಸುವುದಕ್ಕೆ ಅದರ ಸುತ್ತಣ ಕಾಡು ಬೇಕು, ಕಾಡಿನ ತರಗು ಕೊಟ್ಟಿಗೆಗೆ ಬೇಕು, ಕೊಟ್ಟಿಗೆಯ ಗೊಬ್ಬರ ಮರಳಿ ತೋಟಕ್ಕೆ ಬೇಕು ಎಂಬ ಲೆಕ್ಕವನ್ನು ರೈತನಿಂದ ಕಲಿತೇ ಅಧಿಕಾರಿಗಳು ಕಾಗದದ ಮೇಲೆ ಇಳಿಸಿದರು.

ಉತ್ತರದ ಎರೆಯ ನಾಡಿಗೆ ಹೋದರೆ ಅಲ್ಲಿಯ ಮಾತಿನಲ್ಲಿಯೇ ರೈತನ ಮನೋಭಾವವು ವ್ಯಕ್ತವಾಗುತ್ತದೆ. ತಲೆಮಾರುಗಳಿಂದ ಬಂದ ಬೀಜವು ‘ಜವಾರಿ’. ಅಂಗಡಿಯಿಂದ ಬಂದುದು ‘ಹೈಬ್ರಿಡ್’. ಬಿಜಾಪುರ ಜಿಲ್ಲೆಯ ಒಕ್ಕಲುತನವನ್ನು ಅಲ್ಲಿಯೇ ನಿಂತು ಅಭ್ಯಾಸಮಾಡಿದ ಮಾನವಶಾಸ್ತ್ರಜ್ಞೆ ಎ. ಆರ್. ವಾಸವಿಯವರು 1994ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ, ಆ ಕಡೆಯ ಜನರು ಹೊಸ ಬೀಜಗಳೊಡನೆ ತಮ್ಮ ಕಾಲವನ್ನೂ ತಮ್ಮನ್ನೂ ಕೂಡ ‘ಹೈಬ್ರಿಡ್’ ಎಂದೇ ಕರೆದುಕೊಳ್ಳುವ ಬಗೆಯನ್ನು ವಿವರಿಸಿದ್ದಾರೆ. ಇಳುವರಿ ಹೆಚ್ಚಿತು, ಕಸುವು ಕುಂದಿತು ಎಂಬುದು ಆ ಮಾತಿನ ತಾತ್ಪರ್ಯ. ಮಣ್ಣಿಗೂ ಬಿತ್ತನೆಗೂ ಅಡುಗೆಗೂ ಒಂದೇ ಪ್ರಕಾರವಾಗಿ ಸಲ್ಲುವ ‘ಹದ’ವೆಂಬ ಮಾತು ಆ ರೈತರ ವಿಚಾರಕ್ಕೆ ಕೇಂದ್ರವಾಗಿದೆಯೆಂಬುದನ್ನೂ ಅವರು ತೋರಿಸಿಕೊಟ್ಟಿದ್ದಾರೆ. ರಸಗೊಬ್ಬರವು ಭೂಮಿಗೆ ಉಷ್ಣ, ಸೆಗಣಿಗೊಬ್ಬರವು ತಂಪು ಎನ್ನುವ ಮಾತನ್ನು ಕೇಳಿ ನಗುವ ಪದವೀಧರರುಂಟು. ಮಳೆ ಹಿಂದೆಗೆದಾಗ ಯಾವ ಹೊಲದ ಪೈರು ಮೊದಲು ಬಾಡುವುದೆಂಬುದನ್ನು ಕಣ್ಣಾರೆ ಕಂಡವರು ಆ ಮಾತಿನೊಳಗಿನ ಅನುಭವವನ್ನು ನಗೆಯಾಡಲಾರರು.

ಪರದೇಶದ ಪಂಡಿತರೂ ಇದನ್ನು ಒಪ್ಪಿಕೊಂಡುದುಂಟು. ಹಿಂದುಸ್ಥಾನದ ವ್ಯವಸಾಯವನ್ನು ಸುಧಾರಿಸುವ ಬಗೆಯನ್ನು ತಿಳಿಸುವುದಕ್ಕಾಗಿ ಬ್ರಿಟಿಷ್ ಸರಕಾರವು ಕರೆಯಿಸಿದ ರಸಾಯನಶಾಸ್ತ್ರಜ್ಞ ವೋಲ್ಕರ್ ಮಹಾಶಯರು 1893ರ ತಮ್ಮ ವರದಿಯಲ್ಲಿ, ಇಲ್ಲಿಯ ಒಳ್ಳೆಯ ರೈತನು ಇಂಗ್ಲೆಂಡಿನ ಸಾಧಾರಣ ರೈತನಿಗೆ ಕಡಮೆಯವನಲ್ಲವೆಂದೂ, ಅವನಿಗೆ ಇಲ್ಲದಿರುವುದು ಅನುಕೂಲಗಳೆಂದೂ ಬರೆದರು. ಸೌದೆ ದೊರೆಯದ ಕಾರಣದಿಂದಲೇ ಅವನು ಸೆಗಣಿಯನ್ನು ಬೆರಣಿ ಮಾಡಿ ಸುಡುತ್ತಾನೆಂಬುದನ್ನೂ ಅವರು ಗುರುತಿಸಿದರು. 1905ರಲ್ಲಿ ಪೂಸಾ ಕ್ಷೇತ್ರಕ್ಕೆ ಬಂದ ಆಲ್ಬರ್ಟ್ ಹೋವರ್ಡರು ಇಲ್ಲಿಯ ರೈತರನ್ನೂ ಬೆಳೆಯ ಕೀಟಗಳನ್ನೂ ತಮ್ಮ ಅಧ್ಯಾಪಕರೆಂದು ಭಾವಿಸಿ ಕಲಿತರು. ಮುಂದೆ ಇಂದೂರಿನಲ್ಲಿ ಯಶವಂತ ವಾಡ್ ಅವರೊಡನೆ ಕಸಕಡ್ಡಿಗಳಿಂದ ಕಾಂಪೋಸ್ಟ್ ಗೊಬ್ಬರ ಮಾಡುವ ಕ್ರಮವನ್ನು ಸಿದ್ಧಗೊಳಿಸಿ 1931ರಲ್ಲಿ ಪ್ರಕಟಿಸಿದರು. ಇಂದು ಯುರೋಪು ಅಮೆರಿಕಗಳಿಂದ ಹೊಸ ಶಾಸ್ತ್ರವಾಗಿ ನಮಗೆ ಮರಳಿ ಬರುತ್ತಿರುವ ಸಾವಯವ ಬೇಸಾಯದ ಒಂದು ಮುಖ್ಯ ಬೇರು ಈ ನೆಲದಲ್ಲಿಯೇ ಇದೆ.

ಮರೆಯಿಸಿದವರಾರು?

ಹಾಗಾದರೆ ಇಷ್ಟನ್ನು ಬಲ್ಲವನು ಅದನ್ನೇಕೆ ಬಿಟ್ಟನು? ಬಿಡುವಂತೆ ಮಾಡಿದವರಲ್ಲಿ ನಾವೆಲ್ಲರೂ ಸೇರಿದ್ದೇವೆ. ಮೈಸೂರು ಸಂಸ್ಥಾನದಲ್ಲಿ 1930ರ ದಶಕದ ಕೊನೆಯ ಹೊತ್ತಿಗೆ ಬೆಳಗೊಳದಲ್ಲಿ ರಾಸಾಯನಿಕ ಗೊಬ್ಬರದ ಕಾರ್ಖಾನೆಯು ಬಂದಿತು. ಸ್ವಾತಂತ್ರ್ಯಾನಂತರ ಆಹಾರದ ಕೊರತೆಯು ದೇಶವನ್ನು ಹಿಡಿದು ಅಲುಗಿಸಿತು. 1960ರ ದಶಕದಲ್ಲಿ ಅಮೆರಿಕದ ಗೋಧಿಯ ಹಡಗುಗಳಿಗಾಗಿ ಕಾದುನಿಂತ ದಿನಗಳನ್ನು ಮರೆತು ಆ ಕಾಲದ ನೀತಿಯನ್ನು ದೂಷಿಸುವುದು ನ್ಯಾಯವಲ್ಲ. ತೀವ್ರ ವ್ಯವಸಾಯದ ಯೋಜನೆಗೆ ನಮ್ಮ ರಾಜ್ಯದಿಂದ ಮಂಡ್ಯ ಜಿಲ್ಲೆಯನ್ನು ಆರಿಸಿಕೊಂಡರು. ಬೀಜ, ಗೊಬ್ಬರ, ಔಷಧಿ, ಸಾಲ ಇವು ನಾಲ್ಕೂ ಒಂದೇ ಬಾಗಿಲಿನಿಂದ ಬಂದವು. ಗ್ರಾಮಸೇವಕನು ಮನೆಮನೆಗೆ ಹೋಗಿ ಚೀಲದ ಗೊಬ್ಬರದ ಗುಣವನ್ನು ಬಣ್ಣಿಸಿದನು. ಜನರು ಅದನ್ನು ಹಲವು ಕಡೆ ‘ಸರಕಾರಿ ಗೊಬ್ಬರ’ವೆಂದೇ ಕರೆದರು, ಕೊಟ್ಟವರಾರೆಂಬುದನ್ನು ಆ ಹೆಸರೇ ತಿಳಿಸುತ್ತದೆ. ಇಳುವರಿಯು ಹೆಚ್ಚಿದುದೂ ನಿಜ, ಹಸಿವು ಹಿಂಗಿದುದೂ ನಿಜ. ಆದರೆ ಆ ಬೋಧೆಯಲ್ಲಿ ತಿಪ್ಪೆಯ ಮಾತು ಕೊನೆಯ ಸಾಲಿಗೆ ಹೋಯಿತು. ಹಿಂದಿನದೆಲ್ಲ ಹಿಂದುಳಿದುದೆಂದು ಎರಡು ತಲೆಮಾರು ಪಾಠ ಹೇಳಿದವರೇ ಇಂದು ಬಂದು ‘ನಿನಗೆ ಸಾವಯವದ ಅರಿವಿಲ್ಲ’ವೆಂದರೆ ರೈತನು ಏನೆಂದುಕೊಳ್ಳಬೇಕು?

ಚೀಲದ ಲೆಕ್ಕವೂ ಗಾಡಿಯ ಲೆಕ್ಕವೂ

ರೈತನ ಮನೋಭಾವವನ್ನು ಅಳೆಯುವವರು ಅವನ ಲೆಕ್ಕವನ್ನೂ ನೋಡತಕ್ಕದ್ದು. ಮಳೆಯಾಶ್ರಯದ ರಾಗಿಗೆ ಎಕರೆಯೊಂದಕ್ಕೆ ಸುಮಾರು 20 ಕಿಲೋ ಸಾರಜನಕ ಬೇಕೆಂದು ಇಟ್ಟುಕೊಳ್ಳೋಣ. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕವಿರುವುದರಿಂದ 45 ಕಿಲೋ ತೂಕದ ಒಂದೇ ಚೀಲದಲ್ಲಿ ಅಷ್ಟೂ ದೊರೆಯುತ್ತದೆ. ಸರಕಾರದ ಸಹಾಯಧನದಿಂದಾಗಿ ಆ ಚೀಲದ ಬೆಲೆ 270 ರೂಪಾಯಿಯನ್ನೂ ಮುಟ್ಟುವುದಿಲ್ಲ. ಸೈಕಲ್ಲಿನ ಮೇಲೆ ಮನೆಗೆ ತರಬಹುದು. ಒಳ್ಳೆಯ ಕೊಟ್ಟಿಗೆಗೊಬ್ಬರದಲ್ಲಿರುವ ಸಾರಜನಕವು ನೂರಕ್ಕೆ ಅರ್ಧ ಭಾಗ ಮಾತ್ರ. ಅದೇ 20 ಕಿಲೋ ಸಾರಜನಕಕ್ಕೆ ನಾಲ್ಕು ಟನ್ ಗೊಬ್ಬರ ಬೇಕು. ಎಂಟು ಹತ್ತು ಗಾಡಿ ತುಂಬಬೇಕು, ಹೊಡೆಯಬೇಕು, ಎರಚಬೇಕು. ಅದಕ್ಕೆ ಆಳು ಬೇಕು, ಎತ್ತು ಬೇಕು. ಅದರಲ್ಲಿಯೂ ಮೊದಲ ವರ್ಷ ಪೈರಿಗೆ ದಕ್ಕುವುದು ಒಂದಂಶ ಮಾತ್ರ. ಉಳಿದುದು ಮುಂದಿನ ಬೆಳೆಗಳಿಗೆ.

ಎತ್ತೆಲ್ಲಿ? ಕರ್ನಾಟಕದಲ್ಲಿ 2012ರ ಜಾನುವಾರು ಗಣತಿಯಲ್ಲಿ ಸುಮಾರು 95 ಲಕ್ಷವಿದ್ದ ದನಗಳ ಸಂಖ್ಯೆಯು 2019ರ ಗಣತಿಯ ಹೊತ್ತಿಗೆ ಸುಮಾರು 85 ಲಕ್ಷಕ್ಕೆ ಇಳಿಯಿತು. ಉಳುಮೆಗೆ ಟ್ರ್ಯಾಕ್ಟರು ಬಂದಿತು, ಗೋಮಾಳಗಳು ಒತ್ತುವರಿಯಾದವು, ಹುಲ್ಲಿನ ಬೆಲೆ ಏರಿತು, ದನ ಕಾಯುವ ಹುಡುಗನು ಶಾಲೆಗೆ ಹೋದನು. ಇದರಲ್ಲಿ ಕೊನೆಯದಂತೂ ಸಂತೋಷದ ಸಂಗತಿಯೇ ಸರಿ. ಆದರೆ ಕೊಟ್ಟಿಗೆಯು ಬರಿದಾದ ಮೇಲೆ ಗೊಬ್ಬರವು ಎಲ್ಲಿಂದ ಬರಬೇಕು? ರಾಜ್ಯದ ಹಿಡುವಳಿದಾರರಲ್ಲಿ ನೂರಕ್ಕೆ ಸುಮಾರು 80 ಮಂದಿ ಎರಡು ಹೆಕ್ಟೇರಿಗಿಂತ ಕಡಮೆ ಭೂಮಿಯುಳ್ಳವರು. ರಸಗೊಬ್ಬರವನ್ನು ಬಿಟ್ಟ ಮೊದಲ ಎರಡು ಮೂರು ವರುಷ ಇಳುವರಿಯು ಇಳಿಯುವುದು ಸಾಮಾನ್ಯ. ಪ್ರಮಾಣಪತ್ರದ ನಿಯಮಗಳೂ ವಾರ್ಷಿಕ ಬೆಳೆಗಳಿಗೆ ಎರಡು ವರುಷ, ಬಹುವಾರ್ಷಿಕ ಬೆಳೆಗಳಿಗೆ ಮೂರು ವರುಷದ ಪರಿವರ್ತನೆಯ ಅವಧಿಯನ್ನು ವಿಧಿಸಿವೆ. ಆ ಕಾಲದಲ್ಲಿ ಬೆಳೆಯು ಕಡಮೆ, ಬೆಲೆಯೂ ಹೆಚ್ಚಿಲ್ಲ. ಎರಡು ಎಕರೆಯವನು ಆ ವರುಷಗಳನ್ನು ಯಾವ ಕಣಜದ ಬಲದಿಂದ ದಾಟಬೇಕು?

ಇನ್ನೊಂದು ತೊಡಕನ್ನು ವರದಿಗಳು ಹೇಳುವುದೇ ಅಪರೂಪ. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ನಮ್ಮ ರಾಜ್ಯದಲ್ಲಿ, ಕೆಲವು ವಿನಾಯಿತಿಗಳನ್ನುಳಿದು, ವ್ಯವಸಾಯದ ಜಮೀನನ್ನು ಗೇಣಿಗೆ ಕೊಡುವುದು ನಿಷಿದ್ಧವಾಯಿತು. ಉಳುವವನಿಗೆ ಭೂಮಿ ಕೊಟ್ಟ ಆ ಶಾಸನದ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಗೇಣಿಯು ನಿಂತಿಲ್ಲ. ಬಾಯಿಮಾತಿನ ಮೇಲೆ ವರುಷ ವರುಷಕ್ಕೆ ನಡೆಯುತ್ತಿದೆ. ಮುಂದಿನ ಮುಂಗಾರಿಗೆ ಆ ಹೊಲ ತನ್ನ ಕೈಯಲ್ಲಿರುವುದೋ ಇಲ್ಲವೋ ತಿಳಿಯದವನು ಮೂರು ವರುಷದ ಮೇಲೆ ಫಲ ಕೊಡುವ ಗೊಬ್ಬರವನ್ನು ಅದಕ್ಕೆ ಏಕೆ ಹೊಡೆದಾನು? ಅವನು ಚೀಲವನ್ನೇ ತರುತ್ತಾನೆ. ಅವನ ಜಾಗದಲ್ಲಿದ್ದರೆ ನಾವೂ ಅದನ್ನೇ ತರುತ್ತಿದ್ದೆವು.

ಮನೆಯ ಊಟದ ಕಾಳಿಗೂ ಹಿತ್ತಲ ಕಾಯಿಪಲ್ಯಕ್ಕೂ ಔಷಧಿ ಹೊಡೆಯದೆ, ಮಾರುಕಟ್ಟೆಗೆ ಹೋಗುವ ಟೊಮೇಟೊ ಮೆಣಸಿನಕಾಯಿಗಳಿಗೆ ಮತ್ತೆ ಮತ್ತೆ ಹೊಡೆಯುವ ರೈತರು ಹಲವರುಂಟು. ಇದನ್ನು ಕೇಳಿ ಪಟ್ಟಣಿಗರು ಸಿಟ್ಟಾಗುವುದು ಸಹಜ. ಆದರೆ ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ಒಳ್ಳೆಯದು ಯಾವುದೆಂಬುದು ಅವನಿಗೆ ತಿಳಿದಿದೆ. ಎರಡು, ಮಾರುಕಟ್ಟೆಯು ಹುಳುಕಿಲ್ಲದ ಹೊಳಪಿಗೆ ಬೆಲೆ ಕೊಡುತ್ತದೆಯೇ ಹೊರತು ಆ ಒಳ್ಳೆಯದಕ್ಕೆ ಕೊಡುವುದಿಲ್ಲ. ಕಾಯಿಯ ಮೇಲೆ ಒಂದು ಚುಕ್ಕೆಯಿದ್ದರೆ ಪಕ್ಕಕ್ಕೆ ಸರಿಸುವ ಗಿರಾಕಿಯೂ ಆ ವಿಷದ ಸಿಂಪಡಣೆಯಲ್ಲಿ ಪಾಲುದಾರನೇ ಆಗಿದ್ದಾನೆ.

ಅರಿಯದಿರುವುದು

ಇಷ್ಟು ಹೇಳಿದ ಮಾತ್ರಕ್ಕೆ ರೈತನು ಎಲ್ಲವನ್ನೂ ಬಲ್ಲನೆಂದು ಹೊಗಳುವುದು ಅವನಿಗೆ ಮಾಡುವ ಉಪಕಾರವಲ್ಲ. ನಮ್ಮ ಬಹುಪಾಲು ತಿಪ್ಪೆಗಳು ಬಯಲಿನಲ್ಲಿ ಬಿಸಿಲಿಗೆ ಒಣಗಿ ಮಳೆಗೆ ತೊಳೆದುಹೋಗುತ್ತವೆ. ದನವು ಹೊರಹಾಕುವ ಸಾರಜನಕದಲ್ಲಿ ಸುಮಾರು ಅರ್ಧ ಪಾಲು ಗಂಜಲದಲ್ಲಿರುತ್ತದೆ. ಅದು ಕೊಟ್ಟಿಗೆಯ ಮೋರಿಯಲ್ಲಿ ಹರಿದುಹೋಗುತ್ತದೆ. ಕೊಟ್ಟಿಗೆಯಲ್ಲಿ ತರಗನ್ನು ಹಾಸಿ ಗಂಜಲವನ್ನು ಹೀರಿಸುವುದು, ಗುಂಡಿಗೆ ಮೇಲೊಂದು ಚಪ್ಪರ ಹಾಕುವುದು, ಪದರ ಪದರವಾಗಿ ಮಣ್ಣು ಮುಚ್ಚುವುದು, ಇಷ್ಟನ್ನು ಮಾಡಿದರೆ ಒಂದು ಪೈಸೆಯ ಸಾಲವಿಲ್ಲದೆ ಗೊಬ್ಬರದ ಸತ್ತ್ವವು ಹೆಚ್ಚುವುದು.

ಎರಡನೆಯದಾಗಿ, ಯೂರಿಯಾವನ್ನು ಹಾಕದೆ ಬಿಟ್ಟರೆ ಅದೇ ಸಾವಯವವಾಯಿತೆಂಬ ಭ್ರಮೆಯುಂಟು. ಕೊಡುವುದನ್ನು ನಿಲ್ಲಿಸಿ ಭೂಮಿಯಿಂದ ತೆಗೆದುಕೊಳ್ಳುತ್ತಲೇ ಇರುವುದಕ್ಕೆ ಬೇಸಾಯವೆಂಬ ಹೆಸರು ಸಲ್ಲದು. ಸುಭಾಷ್ ಪಾಳೇಕರರ ಪದ್ಧತಿಯ ಜೀವಾಮೃತವು, ಎಂದರೆ 10 ಕಿಲೋ ಸೆಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣುಗಳನ್ನು 200 ಲೀಟರು ನೀರಿನಲ್ಲಿ ಹುದುಗಿಸಿದ ದ್ರವವು, ನಮ್ಮ ನಾಡಿನ ಎಷ್ಟೋ ಹಳ್ಳಿಗಳಿಗೆ ಪರಿಚಿತವಾಗಿದೆ. ಒಂದೇ ಹಸುವಿನಿಂದ ಎಕರೆಗಟ್ಟಲೆ ಭೂಮಿಯನ್ನು ನೋಡಿಕೊಳ್ಳಬಹುದೆಂಬ ಭರವಸೆಯು ಬಡವನಿಗೆ ಧೈರ್ಯ ಕೊಟ್ಟುದು ಸತ್ಯ. ಆದರೆ ಆ ದ್ರವದಲ್ಲಿರುವ ಸಾರಜನಕವು ಅತ್ಯಲ್ಪ. ಹೊದಿಕೆ, ಮಿಶ್ರಬೆಳೆ, ದ್ವಿದಳ ಧಾನ್ಯಗಳನ್ನೂ ಆ ಪದ್ಧತಿಯು ವಿಧಿಸುತ್ತದೆ. ಅವನ್ನು ಬಿಟ್ಟು ಪೀಪಾಯಿಯೊಂದನ್ನೇ ನಂಬಿದವರು ನಿರಾಶರಾಗಿದ್ದಾರೆ. ಮೂರನೆಯದಾಗಿ, ‘ಜೈವಿಕ’ವೆಂಬ ಚೀಟಿ ಅಂಟಿಸಿ ಒಳಗೇನಿದೆಯೆಂದು ಬರೆಯದೆ ಮಾರುವ ಸೀಸೆಗಳನ್ನು ಪರೀಕ್ಷಿಸುವ ಬಗೆ ರೈತನಿಗೆ ತಿಳಿಯದು. ಅದು ಅವನ ತಪ್ಪಲ್ಲ. ಅಂಗಡಿಯನ್ನು ತನಿಖೆ ಮಾಡತಕ್ಕವರ ಕೆಲಸ.

ಶಾಸ್ತ್ರವು ಈ ವಿಷಯದಲ್ಲಿ ಯಾರ ಪಕ್ಷವನ್ನೂ ಪೂರ್ತಿಯಾಗಿ ವಹಿಸುವುದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಳೆಯಾಶ್ರಯದ ರಾಗಿಯ ಮೇಲೆ 1978ರಿಂದ ಒಂದೇ ನೆಲದಲ್ಲಿ ದೀರ್ಘಕಾಲ ನಡೆದ ಪ್ರಯೋಗವು, ಹೆಕ್ಟೇರಿಗೆ 10 ಟನ್ ಕೊಟ್ಟಿಗೆಗೊಬ್ಬರವನ್ನು ರಸಗೊಬ್ಬರದೊಡನೆ ಕೂಡಿಸಿದ ತಾಕುಗಳಲ್ಲಿ ಇಳುವರಿಯು ಚೆನ್ನಾಗಿ ನಿಂತುದನ್ನೂ, ಬರಿಯ ರಸಗೊಬ್ಬರದ ತಾಕುಗಳು ಅವಕ್ಕೆ ಸಮನಾಗದೆ ಹೋದುದನ್ನೂ ತೋರಿಸಿದೆ. ರಸಗೊಬ್ಬರವನ್ನು ಪೂರ್ಣವಾಗಿ ಬಿಡಬಲ್ಲವನು ಬಿಡಲಿ; ಬಿಡಲಾರದವನೂ ಕೊಟ್ಟಿಗೆಗೊಬ್ಬರವನ್ನು ಮಾತ್ರ ಕೈಬಿಡಬಾರದೆಂಬುದೇ ಇದರಿಂದ ರೈತನಿಗೆ ದೊರೆಯುವ ಪಾಠ.

ಆಜ್ಞೆಯಿಂದಾಗದ ಕಾರ್ಯ

ಮೇಲಿನಿಂದ ಅಪ್ಪಣೆ ಹೊರಡಿಸಿದರೆ ಏನಾಗುವುದೆಂಬುದಕ್ಕೆ ನೆರೆಯ ಸಿಂಹಳವೇ ಸಾಕ್ಷಿ. ಆ ದೇಶದ ಸರಕಾರವು 2021ರಲ್ಲಿ ರಸಗೊಬ್ಬರದ ಆಮದನ್ನು ಹಠಾತ್ತಾಗಿ ನಿಷೇಧಿಸಿತು. ರೈತರಿಗೆ ಬದಲಿ ಗೊಬ್ಬರವೂ ಇಲ್ಲ, ಕಲಿಸುವವರೂ ಇಲ್ಲ, ಕಾಲಾವಕಾಶವೂ ಇಲ್ಲ. ಭತ್ತದ ಬೆಳೆ ಕುಸಿಯಿತು, ಚಹಾದ ಬೆಳೆಗೂ ಪೆಟ್ಟು ಬಿದ್ದಿತು. ಅದೇ ವರುಷದ ನವೆಂಬರಿನೊಳಗೆ ನಿಷೇಧವನ್ನು ಹಿಂದೆಗೆದುಕೊಳ್ಳಬೇಕಾಯಿತು. ಸಿಕ್ಕಿಮಿನಲ್ಲಿ ರಸಗೊಬ್ಬರದ ಬಳಕೆಯು ಮೊದಲೇ ಸ್ವಲ್ಪವಾಗಿದ್ದರೂ, 2003ರಲ್ಲಿ ತೊಡಗಿ 2016ರಲ್ಲಿ ಸಂಪೂರ್ಣ ಸಾವಯವ ರಾಜ್ಯವೆಂದು ಸಾರುವುದಕ್ಕೆ ಹನ್ನೆರಡು ವರುಷಕ್ಕೂ ಮೇಲಾಯಿತು. ನೆರೆಯ ಆಂಧ್ರದಲ್ಲಿ 2016ರಿಂದ ನಡೆದಿರುವ ಕಾರ್ಯದಲ್ಲಿ ಮಹಿಳೆಯರ ಸ್ವಸಹಾಯ ಸಂಘಗಳೂ ಅನುಭವಿ ರೈತರೂ ಬೋಧಕರಾಗಿದ್ದಾರೆ.

ಕರ್ನಾಟಕವು 2004ರಲ್ಲಿಯೇ ಸಾವಯವ ಕೃಷಿಯ ನೀತಿಯನ್ನು ಪ್ರಕಟಿಸಿ ಉಳಿದ ರಾಜ್ಯಗಳಿಗೆ ಮಾರ್ಗದರ್ಶಿಯಾಯಿತು. ಆದರೆ ಇಲ್ಲಿಯೂ ರೈತನ ಮನಸ್ಸನ್ನು ಒಲಿಸಿದವರು ರೈತರೇ. ದೊಡ್ಡಬಳ್ಳಾಪುರದ ಬಳಿ ನೆಲೆಸಿದ್ದು 2019ರಲ್ಲಿ ತೀರಿಕೊಂಡ ಎಲ್. ನಾರಾಯಣ ರೆಡ್ಡಿಯವರು ಮೊದಲು ರಸಗೊಬ್ಬರದ ಬೇಸಾಯವನ್ನೇ ಮಾಡಿ, ಲೆಕ್ಕವಿಟ್ಟು ನೋಡಿ, ಅದನ್ನು ಬಿಟ್ಟವರು. ಅವರು ಹೇಳುತ್ತಿದ್ದುದು ಆಳಿನ ಕೂಲಿ, ಹಸುವಿನ ಮೇವು, ಮರದ ಎಲೆಗಳ ಮಾತು. ರೈತಸಂಘವು ಏರ್ಪಡಿಸಿದ ಪಾಳೇಕರರ ಶಿಬಿರಗಳಿಗೆ ಜನ ಕಿಕ್ಕಿರಿದುದಕ್ಕೂ ಕಾರಣವಿದೇ. ಕೇಳುವವನಿಗೆ ತನ್ನ ಭಾಷೆಯಲ್ಲಿ, ತನ್ನ ಜಮೀನಿನ ಅಳತೆಯಲ್ಲಿ ಉತ್ತರ ದೊರೆಯಿತು. ಹೋಬಳಿಯ ರೈತ ಸಂಪರ್ಕ ಕೇಂದ್ರಗಳು ಬೀಜ ಹಂಚುವ ಉಗ್ರಾಣಗಳಾಗಿ ನಿಲ್ಲದೆ ಇಂತಹ ಅನುಭವಿಗಳಿಗೆ ಗೌರವಧನ ಕೊಟ್ಟು ಕೂರಿಸಿಕೊಂಡರೆ ಕಾರ್ಯವು ಬೇಗ ಕೈಗೂಡುವುದು.

ಪಟ್ಟಣಿಗರ ಹೊಣೆ

ಕೊನೆಯದಾಗಿ ನಮ್ಮ ವಾಚಕರ ಪಾಲಿನ ಕರ್ತವ್ಯವನ್ನು ಹೇಳಬೇಕಾಗಿದೆ. ಹಳ್ಳಿಯ ಹೊಲದ ಸತ್ತ್ವವು ಧಾನ್ಯವಾಗಿ, ಸೊಪ್ಪಾಗಿ, ಹಣ್ಣಾಗಿ ಪ್ರತಿದಿನವೂ ಪಟ್ಟಣಕ್ಕೆ ಬರುತ್ತಿದೆ. ಹಿಂದಕ್ಕೆ ಹೋಗುವುದು ಏನು? ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ಎನ್. ಆಚಾರ್ಯರು 1939ರಲ್ಲಿಯೇ ಪಟ್ಟಣದ ಕಸದಿಂದಲೂ ಮಲದಿಂದಲೂ ಗುಂಡಿಯಲ್ಲಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. ಇಂದಿಗೂ ಪಠ್ಯಪುಸ್ತಕಗಳಲ್ಲಿ ಅದಕ್ಕೆ ‘ಬೆಂಗಳೂರು ಪದ್ಧತಿ’ಯೆಂದೇ ಹೆಸರು. ಸ್ವಾತಂತ್ರ್ಯ ಬಂದ ವರುಷವೇ, 1947ರ ಡಿಸೆಂಬರಿನಲ್ಲಿ, ಮೀರಾಬೆನ್ ಅವರ ಪ್ರೇರಣೆಯಿಂದ ದಿಲ್ಲಿಯಲ್ಲಿ ಅಖಿಲ ಭಾರತ ಕಾಂಪೋಸ್ಟ್ ಸಮ್ಮೇಳನವು ಸೇರಿತು. ಗಾಂಧೀಜಿಯವರು ಅದರ ವಿಷಯವನ್ನು ತಮ್ಮ ಪತ್ರಿಕೆಯಲ್ಲಿ ಎತ್ತಿ ಹೇಳಿದರು. ಆ ಪದ್ಧತಿಗೆ ಹೆಸರು ಕೊಟ್ಟ ಊರೇ ತನ್ನ ಕಸವನ್ನು ಬೇರ್ಪಡಿಸದೆ ಮಂಡೂರಿನ ಬಳಿ ಬೆಟ್ಟವಾಗಿ ಒಟ್ಟಿತು. ಅಲ್ಲಿಯ ಗ್ರಾಮಸ್ಥರು 2014ರಲ್ಲಿ ರಸ್ತೆಗಿಳಿದು ತಡೆಯಬೇಕಾಯಿತು. ಅಡುಗೆಮನೆಯ ಹಸಿ ಕಸದಲ್ಲಿ ಗಾಜಿನ ಚೂರನ್ನೂ ಪ್ಲಾಸ್ಟಿಕ್ಕನ್ನೂ ಬೆರೆಸಿ ಎಸೆಯುವ ಗೃಹಸ್ಥನಿಗೆ ರೈತನ ಅರಿವನ್ನು ಪರೀಕ್ಷಿಸುವ ಅಧಿಕಾರವು ಎಲ್ಲಿಂದ ಬಂದಿತು?

ಮಾಡತಕ್ಕ ಕೆಲಸಗಳು ಕೈಗೆಟುಕದವಲ್ಲ. ಪರಿವರ್ತನೆಯ ವರುಷಗಳಲ್ಲಿ ಸಣ್ಣ ಹಿಡುವಳಿದಾರನಿಗೆ ಆಗುವ ನಷ್ಟವನ್ನು, ಯೂರಿಯಾಕ್ಕೆ ಸುರಿಯುವ ಹಣದ ಒಂದಂಶದಿಂದಲಾದರೂ ಸರಕಾರದವರು ತುಂಬಿಕೊಡಲಿ. ಒಂದೇ ಗ್ರಾಮದ ಐದು ಮಂದಿ ರೈತರಾದರೂ ಕೂಡಿ ಒಬ್ಬರ ಹೊಲವನ್ನೊಬ್ಬರು ನೋಡಿ ಪ್ರಮಾಣಪತ್ರ ಪಡೆಯುವ ಸಹಭಾಗಿತ್ವದ ಕ್ರಮವು ಈಗಾಗಲೇ ಜಾರಿಯಲ್ಲಿದೆ. ದುಬಾರಿಯಾದ ಪರೀಕ್ಷಾಸಂಸ್ಥೆಗಳ ಬಾಗಿಲಿಗೆ ಹೋಗಲಾರದವರಿಗೆ ಅದರ ವಿವರವನ್ನು ಕನ್ನಡದಲ್ಲಿ ಮುದ್ರಿಸಿ ಪ್ರತಿ ಗ್ರಾಮ ಪಂಚಾಯತಿಯಲ್ಲಿಯೂ ಇರಿಸಲಿ. ಗೇಣಿಯ ರೈತನಿಗೆ ಮೂರು ವರುಷದ ಭದ್ರತೆಯಾದರೂ ಸಿಗುವಂತೆ ಶಾಸನಸಭೆಯು ಆಲೋಚಿಸಲಿ. ಕೆರೆಗಳ ಹೂಳು ತೆಗೆಸುವಾಗ ಆ ಗೋಡು ಇಟ್ಟಿಗೆಯ ಗೂಡಿಗೆ ಹೋಗದೆ ಮೊದಲು ಅಚ್ಚುಕಟ್ಟಿನ ಹೊಲಗಳಿಗೆ ಸೇರಲಿ. ಪಟ್ಟಣಿಗರು ಹಸಿ ಕಸವನ್ನು ಬೇರೆ ಇಟ್ಟು ಕೊಡಲಿ. ಚುಕ್ಕೆಯಿರುವ ಬದನೆಕಾಯಿಗೂ ನ್ಯಾಯವಾದ ಬೆಲೆ ಕೊಡಲಿ.

ಇಷ್ಟನ್ನು ಮಾಡಿದ ಮೇಲೂ ರೈತನು ಒಪ್ಪದಿದ್ದರೆ ಆಗ ಅವನ ಅಜ್ಞಾನದ ಮಾತನ್ನೆತ್ತಬಹುದು. ಅಲ್ಲಿಯವರೆಗೆ ಅವನಿಗೆ ಅನುಕೂಲಗಳಿಲ್ಲವೆಂದು ವೋಲ್ಕರರು 1893ರಲ್ಲಿ ಬರೆದ ಮಾತನ್ನೇ, ಅವರ ಕಾಲದ ಪರರಾಜ್ಯದವರ ಮೇಲೆ ಹೊರಿಸಲಾಗದೆ, ಸ್ವರಾಜ್ಯದ ನಾವು ನಮ್ಮ ಮೇಲೆಯೇ ಹೊತ್ತುಕೊಳ್ಳಬೇಕಾಗಿದೆ.